ಗುರಿ ಹುಡುಕುವ ಬಾಂಬು: ಟೈಗರ್ ಹಿಲ್‌ನಿಂದ ಹಾಸನದವರೆಗೆ

1999ರ ಮೇ 26ರಂದು ವಾಯುಪಡೆ ಕಾರ್ಗಿಲ್ ಕದನಕ್ಕೆ ಇಳಿಯಿತು. ಕಾರ್ಯಾಚರಣೆಗೆ ಇಟ್ಟ ಹೆಸರು ಸಫೇದ್ ಸಾಗರ್. ಮಾರನೆಯ ದಿನವೇ ಎರಡು ವಿಮಾನ ಹೋದವು. ಎಂಜಿನ್ ಆರಿಹೋದ ಮಿಗ್-27ರಿಂದ ಹೊರಕ್ಕೆ ಜಿಗಿದ ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಸೆರೆಸಿಕ್ಕರು. ಅವರನ್ನು ಹುಡುಕುತ್ತಾ ಅಲ್ಲೇ ಸುತ್ತಿದ ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಅವರ ಮಿಗ್-21ಕ್ಕೆ ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ತಗುಲಿತು. ಅಹುಜಾ ಬದುಕಿ ಬರಲಿಲ್ಲ. 28ರಂದು ಮಿ-17 ಹೆಲಿಕಾಪ್ಟರ್ ಒಂದು ಬಿತ್ತು, ಅದರಲ್ಲಿದ್ದ ನಾಲ್ವರೂ ತೀರಿಕೊಂಡರು. ಮೂರು ದಿನದಲ್ಲಿ ವಾಯುಪಡೆಗೆ ಒಂದು ಮಾತು ಖಚಿತವಾಯಿತು: ಆ ಕ್ಷಿಪಣಿಗಳ ಕೈಗೆಟುಕದಷ್ಟು ಎತ್ತರದಲ್ಲೇ ಹಾರಬೇಕು. ಆದರೆ ಅಷ್ಟು ಎತ್ತರದಿಂದ ಹಾಕಿದ ಬಾಂಬು ಬೇಕಾದಲ್ಲಿ ಬೀಳುವುದಿಲ್ಲ.

ಏಕೆ ಬೀಳುವುದಿಲ್ಲ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಬಾಂಬು ವಿಮಾನದಿಂದ ಕಳಚಿಕೊಂಡ ಮೇಲೆ ನೆಟ್ಟಗೆ ಕೆಳಕ್ಕೆ ಇಳಿಯುವುದಿಲ್ಲ. ವಿಮಾನದ ವೇಗವನ್ನೇ ಹೊತ್ತು ಹಲವು ಕಿಲೋಮೀಟರ್ ಮುಂದಕ್ಕೆ ಸಾಗುತ್ತಾ ಬೀಳುತ್ತದೆ. ಎಲ್ಲಿ ಕಳಚಿದರೆ ಎಲ್ಲಿ ಬೀಳುತ್ತದೆ ಎಂಬ ಲೆಕ್ಕ ವಿಮಾನದ ಕಂಪ್ಯೂಟರಿನಲ್ಲಿರುತ್ತದೆ. ಆ ಲೆಕ್ಕವೆಲ್ಲ ಬಯಲು ಸೀಮೆಯ ದಟ್ಟ ಗಾಳಿಗೆ ಹೊಂದಿಸಿದ್ದು. ಹದಿನಾರು, ಹದಿನೆಂಟು ಸಾವಿರ ಅಡಿಯ ಶಿಖರಗಳ ಮೇಲೆ ಗಾಳಿ ತೆಳು, ಬಾಂಬಿಗೆ ತಡೆ ಕಡಿಮೆ, ಹಾಗಾಗಿ ಅದು ಲೆಕ್ಕ ಮೀರಿ ಮುಂದಕ್ಕೆ ಹೋಗುತ್ತದೆ. ಬಯಲಿನಲ್ಲಾದರೆ ಐವತ್ತು ಮೀಟರ್ ತಪ್ಪಿದರೂ ಸಿಡಿತದ ಒಂದಿಷ್ಟು ಪೆಟ್ಟು ಶತ್ರುವಿಗೆ ತಾಗುತ್ತದೆ. ಕತ್ತಿಯ ಅಲಗಿನಂಥ ಏಣಿನ ಮೇಲೆ ಐವತ್ತು ಮೀಟರ್ ತಪ್ಪಿದ ಬಾಂಬು ಆಚೆ ಬದಿಯ ಇಳಿಜಾರಿನಲ್ಲಿ ಸಾವಿರ ಅಡಿ ಕೆಳಗೆ ಸಿಡಿಯುತ್ತದೆ. ಮೇಲೆ ಬಂಕರಿನಲ್ಲಿದ್ದವನಿಗೆ ಸದ್ದಷ್ಟೇ ಕೇಳುತ್ತದೆ. ಇದರ ಜೊತೆಗೆ ನಿಯಂತ್ರಣ ರೇಖೆ ದಾಟಬಾರದು ಎಂದು ಸರ್ಕಾರದ ಕಟ್ಟಪ್ಪಣೆ. ಅನುಕೂಲವಾದ ದಿಕ್ಕಿನಿಂದ ಬರುವ ಸ್ವಾತಂತ್ರ್ಯವೂ ಪೈಲಟ್‌ಗಳಿಗೆ ಇರಲಿಲ್ಲ.

ಇದ್ದುದರಲ್ಲೇ ಅವರು ದಾರಿ ಹುಡುಕಿದರು. ಹಳೆಯ ಮಿಗ್-21ಗಳಲ್ಲಿ ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನ ಇಟ್ಟುಕೊಂಡು, ಸ್ಟಾಪ್‌ವಾಚ್ ನೋಡುತ್ತಾ ರಾತ್ರಿ ಹೊತ್ತು ಬಾಂಬು ಹಾಕಿ ಬಂದರು. ಕೆಳಗಿನ ಶತ್ರುವಿಗೆ ನಿದ್ದೆಗೆಡಿಸಲು ಅದು ಸಾಕಾಗಿತ್ತು. ಬಂಕರ್ ಒಡೆಯಲು ಸಾಲದು. ಆ ದಿನಗಳಲ್ಲಿ ಅಮೆರಿಕ ನಾಗರಿಕರಿಗೆ ಕೊಡುತ್ತಿದ್ದ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಸುಮಾರು ನೂರು ಮೀಟರಿನ ತಪ್ಪು ಬೆರೆಸಿರುತ್ತಿತ್ತು. ಅದನ್ನು ತೆಗೆದುಹಾಕಲು ಅಧ್ಯಕ್ಷ ಕ್ಲಿಂಟನ್ ಆದೇಶ ಕೊಟ್ಟದ್ದು 2000ದ ಮೇ 1ರಂದು, ಕಾರ್ಗಿಲ್ ಮುಗಿದು ಒಂಬತ್ತು ತಿಂಗಳಾದ ಮೇಲೆ.

ಜೂನ್ 17ರಂದು ಮಿರಾಜ್-2000 ವಿಮಾನಗಳು ಮುಂತೋ ಢಾಲೋದಲ್ಲಿದ್ದ ಶತ್ರುವಿನ ಸಾಮಗ್ರಿ ಶಿಬಿರವನ್ನು ಮಾಮೂಲಿ ಬಾಂಬುಗಳಿಂದಲೇ ಧ್ವಂಸ ಮಾಡಿದವು. ಅದು ಹರಡಿಕೊಂಡಿದ್ದ ಡೇರೆಗಳ ಶಿಬಿರ, ದೊಡ್ಡ ಗುರಿ. ಟೈಗರ್ ಹಿಲ್ ಹಾಗಲ್ಲ. ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿಯ ಮೇಲೆ ಕಣ್ಣಿಟ್ಟು ಕೂತ ಆ ಶಿಖರದ ತುದಿಯಲ್ಲಿ ಇದ್ದದ್ದು ನಾಲ್ಕಾರು ಗೂಡುಗಳು. ಅವನ್ನು ಹೊಡೆಯಲು ದಾರಿ ತಿಳಿದ ಬಾಂಬೇ ಬೇಕಿತ್ತು.

ಆ ಬಾಂಬಿನ ಸಿದ್ಧತೆ ನಡೆದದ್ದು ಬೆಂಗಳೂರಿನಲ್ಲಿ.

ಎಚ್‌ಎಎಲ್ ವಿಮಾನ ನಿಲ್ದಾಣದ ಆವರಣದಲ್ಲಿ ವಾಯುಪಡೆಯ ಒಂದು ಘಟಕವಿದೆ, ಏರ್‌ಕ್ರಾಫ್ಟ್ ಅಂಡ್ ಸಿಸ್ಟಮ್ಸ್ ಟೆಸ್ಟಿಂಗ್ ಎಸ್ಟಾಬ್ಲಿಷ್‌ಮೆಂಟ್. 1970ರ ದಶಕದಲ್ಲಿ ಕಾನ್ಪುರದಿಂದ ಇಲ್ಲಿಗೆ ಬಂತು. ದೇಶದ ಪರೀಕ್ಷಾ ಪೈಲಟ್‌ಗಳು ತಯಾರಾಗುವುದು ಇಲ್ಲೇ. ಹೊಸ ಆಯುಧವನ್ನು ಯಾವ ವಿಮಾನಕ್ಕೆ, ಹೇಗೆ ತಗುಲಿಸಬೇಕೆಂದು ತೀರ್ಮಾನವಾಗುವುದೂ ಇಲ್ಲೇ. ಇಸ್ರೇಲಿನಿಂದ ತರಿಸಿದ ಲೈಟ್ನಿಂಗ್ ಪಾಡ್ ಎಂಬ ಸಾಧನವನ್ನು ಮಿರಾಜ್‌ಗೆ ಹೊಂದಿಸುವ ಕೆಲಸ ಮಾಮೂಲಿ ವೇಗದಲ್ಲಿ ಸಾಗಿತ್ತು. ಯುದ್ಧ ಬಂದದ್ದೇ ತಡ, ವಾಯುಪಡೆಯ ಎಂಜಿನಿಯರುಗಳೂ ಇಸ್ರೇಲಿನ ತಂತ್ರಜ್ಞರೂ ಕೂತು ತಿಂಗಳುಗಳ ಕೆಲಸವನ್ನು ದಿನಗಳಲ್ಲಿ ಮುಗಿಸಿದರು. ಅಮೆರಿಕದ ಪೇವ್‌ವೇ ಕಿಟ್‌ಗಳು ಮೊದಲೇ ಒಂದಿಷ್ಟು ಬಂದಿದ್ದವು. ಆದರೆ 1998ರ ಪೋಖ್ರಾನ್ ಅಣುಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹಾಕಿತ್ತು, ಬಿಡಿಭಾಗ ಬರುವುದು ನಿಂತಿತ್ತು. ಇದ್ದಷ್ಟರಲ್ಲೇ ಕೆಲಸ ಸಾಗಿಸಬೇಕಿತ್ತು.

ಕಿಟ್ ಎಂದರೇನು? ಬಾಂಬು ಹಳೆಯದೇ, ಸುಮಾರು 450 ಕಿಲೋ ತೂಕದ ಉಕ್ಕಿನ ಕೊಳವೆ, ಒಳಗೆ ಸಿಡಿಮದ್ದು. ಮಾವಿನಕಾಯಿಗೆ ಬೀರಿದ ಕಲ್ಲಿನ ಹಾಗೆ, ಕೈಬಿಟ್ಟ ಮೇಲೆ ಅದರ ಮೇಲೆ ನಮ್ಮ ಅಧಿಕಾರವಿಲ್ಲ. ಕಿಟ್ ಎಂದರೆ ಆ ಕೊಳವೆಯ ಮೂತಿಗೆ ಒಂದು ಕಣ್ಣು, ಒಂದು ಪುಟ್ಟ ಗಣಕ, ನಾಲ್ಕು ತಿರುಗುವ ರೆಕ್ಕೆ. ಹಿಂಬದಿಗೆ ಅಗಲವಾದ ಬಾಲ. ವಿಮಾನದ ಹೊಟ್ಟೆಯಡಿಯ ಪಾಡ್ ಗುರಿಯ ಮೇಲೆ ಕಣ್ಣಿಗೆ ಕಾಣದ ಲೇಸರ್ ಕಿರಣ ಬಿಡುತ್ತದೆ. ಕಿರಣ ಗುರಿಗೆ ಬಡಿದು ಚೆದುರುತ್ತದೆ. ಬಾಂಬಿನ ಕಣ್ಣು ನಾಲ್ಕು ಭಾಗವಾಗಿ ಸೀಳಿದ ಒಂದು ಬಿಲ್ಲೆ; ಯಾವ ಭಾಗಕ್ಕೆ ಬೆಳಕು ಹೆಚ್ಚು ಬಿತ್ತೋ ಗುರಿ ಆ ಕಡೆಗಿದೆ ಎಂದರ್ಥ. ನಾಲ್ಕಕ್ಕೂ ಸಮನಾಗಿ ಬೀಳುವ ತನಕ ರೆಕ್ಕೆಗಳು ಬಾಂಬನ್ನು ತಿರುಗಿಸುತ್ತಲೇ ಇರುತ್ತವೆ. ಲೇಸರ್ ಒಂದೇ ಸಮನೆ ಉರಿಯುವುದಿಲ್ಲ, ಮಿಡಿಯುತ್ತದೆ, ಆ ಮಿಡಿತಕ್ಕೊಂದು ಸಂಕೇತವಿದೆ. ವಿಮಾನ ನೆಲ ಬಿಡುವ ಮುನ್ನವೇ ಅದೇ ಸಂಕೇತವನ್ನು ಬಾಂಬಿಗೂ ಹೊಂದಿಸಿರುತ್ತಾರೆ, ಪಕ್ಕದ ವಿಮಾನದ ಬೆಳಕನ್ನು ನೋಡಿ ಬಾಂಬು ದಾರಿ ತಪ್ಪಬಾರದಲ್ಲ. ನಡುವೆ ಮೋಡ ಬಂದರೆ ಮಾತ್ರ ಇಡೀ ಏರ್ಪಾಟು ಕುರುಡು.

ಜೂನ್ 24ರ ಬೆಳಿಗ್ಗೆ ಟೈಗರ್ ಹಿಲ್ ಮೇಲೆ ಮೋಡವಿರಲಿಲ್ಲ. ಬಾಂಬು ಬಿಟ್ಟ ಮಿರಾಜ್ ನಡೆಸಿದವರು ರಘುನಾಥ್ ನಂಬಿಯಾರ್. ಆ ದಿನದ ದಾಳಿಯನ್ನು ಕಣ್ಣಾರೆ ನೋಡಲು ವಾಯುಪಡೆಯ ಮುಖ್ಯಸ್ಥ ಎ. ವೈ. ಟಿಪ್ಣಿಸ್ ತಾವೇ ಇನ್ನೊಂದು ಮಿರಾಜ್‌ನಲ್ಲಿ ಹೋಗಿದ್ದರು. ಪಾಡ್‌ನ ಕ್ಯಾಮೆರಾ ತೆಗೆದ ಕಪ್ಪು ಬಿಳುಪು ಚಿತ್ರವನ್ನು ಆಮೇಲೆ ದೇಶವೆಲ್ಲ ಟಿವಿಯಲ್ಲಿ ನೋಡಿತು: ಬಂಡೆಗಳ ನಡುವೆ ಗೂಡುಗಳು, ಅವುಗಳ ಮೇಲೆ ಅಡ್ಡಗೆರೆ ಉದ್ದಗೆರೆ, ಮರುಕ್ಷಣ ಪರದೆ ತುಂಬ ಬಿಳಿ. ಯುದ್ಧದಲ್ಲಿ ನಮ್ಮವರು ಮೊದಲ ಬಾರಿಗೆ ಲೇಸರ್ ಬಾಂಬು ಬಳಸಿದ್ದರು. ಇಡೀ ಕದನದಲ್ಲಿ ಹಾಕಿದ ಅಂಥ ಬಾಂಬುಗಳು ಬೆರಳೆಣಿಕೆಯಷ್ಟು, ಏಕೆಂದರೆ ಕೈಯಲ್ಲಿದ್ದ ಕಿಟ್‌ಗಳೇ ಕಡಿಮೆ. ಶಿಖರವನ್ನು ಗೆದ್ದುಕೊಟ್ಟವು ಬಾಂಬುಗಳು ಎಂದು ಮಾತ್ರ ಯಾರೂ ಬರೆಯಬಾರದು. ಜುಲೈ 4ರ ಮುಂಜಾವಿನಲ್ಲಿ ಹಗ್ಗ ಹಿಡಿದು ಕಡಿದಾದ ಬಂಡೆ ಹತ್ತಿದ 18 ಗ್ರೆನೇಡಿಯರ್ಸ್‌ನ ಹುಡುಗರು, ಮಗ್ಗುಲಿನ ಏಣಿನಲ್ಲಿ ಕಾದಾಡಿದ 8 ಸಿಖ್‌ನವರು ಅದನ್ನು ಗೆದ್ದರು. ಅವರ ಎದುರಿಗಿದ್ದ ಗುಂಡಿನ ಬಾಯಿಗಳಲ್ಲಿ ಕೆಲವು ಮೊದಲೇ ಮುಚ್ಚಿದ್ದವು, ಬೆಂಗಳೂರಿನ ಕೆಲಸದ ಫಲ ಇಷ್ಟು. ಒಂದೊಂದು ಬಂಕರಿಗೂ ಎಷ್ಟು ಜೀವ ತೆತ್ತೆವು ಎಂದು ನೆನೆದರೆ ಅದು ಸಣ್ಣದಲ್ಲ.

ಈ ಕಥೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ತಮ್ಮ ಬಾಂಬುಗಳು ಎಲ್ಲಿ ಬೀಳುತ್ತಿವೆ ಎಂದು 1941ರಲ್ಲಿ ಲೆಕ್ಕ ಹಾಕಿಸಿದರು. ಗುರಿ ಹೊಡೆದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರಕ್ಕೊಂದು ಮಾತ್ರ ಗುರಿಯ ಐದು ಮೈಲಿ ಆಸುಪಾಸಿಗೆ ಬಂದಿತ್ತು. ಐದು ಮೈಲಿ! ಉಳಿದದ್ದೆಲ್ಲ ಯಾರ ಹೊಲದ ಮೇಲೆ, ಯಾರ ಮನೆಯ ಮೇಲೆ ಬಿತ್ತೋ. ಮಾಮೂಲಿ ಬಾಂಬಿನ ಹಿಂಬದಿಗೆ ಕಿಟ್ ಸಿಕ್ಕಿಸಿ ದಾರಿ ತಿದ್ದುವ ಯೋಚನೆ ಯುದ್ಧಭೂಮಿಗೆ ಬಂದ ಮೊದಮೊದಲ ಜಾಗಗಳಲ್ಲಿ ನಮ್ಮ ನೆರೆಯ ಬರ್ಮಾವೂ ಒಂದು. ಭಾರತದ ನೆಲದಿಂದ ಹಾರುತ್ತಿದ್ದ ಅಮೆರಿಕದ ಲಿಬರೇಟರ್ ವಿಮಾನಗಳು 1944ರ ಕೊನೆಯಿಂದ ಬರ್ಮಾದ ರೈಲು ಸೇತುವೆಗಳ ಮೇಲೆ ಏಜಾನ್ ಎಂಬ ಬಾಂಬು ಹಾಕಿದವು. ಅದರ ಬಾಲದಲ್ಲಿ ಉರಿಯುವ ದೀಪ. ವಿಮಾನದಲ್ಲಿದ್ದವನು ದೀಪ ನೋಡುತ್ತಾ ರೇಡಿಯೋದಿಂದ ಎಡಕ್ಕೋ ಬಲಕ್ಕೋ ತಿರುಗಿಸಬಹುದಿತ್ತು. ಹಿಂದು ಮುಂದು ತಿದ್ದಲು ಆಗುತ್ತಿರಲಿಲ್ಲ. ಉದ್ದಕ್ಕೆ ಮಲಗಿದ ಸೇತುವೆಗೆ ಅಷ್ಟಾದರೂ ಸಾಕಾಯಿತು. ಅದೇ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ದುರಸ್ತಿ ತಾಣವಾಗಿತ್ತು. ಬೆಳ್ಳಂದೂರು ಕೆರೆಯ ನೀರಿನ ಮೇಲೆ ಕ್ಯಾಟಲೀನಾ ವಿಮಾನಗಳು ಇಳಿಯುತ್ತಿದ್ದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದ ಲಿಬರೇಟರ್‌ಗಳನ್ನು ಪರೀಕ್ಷಾ ಪೈಲಟ್ ಜಂಶೇದ್ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿನ ಕೆಲಸಗಾರರು ಅವಕ್ಕೆ ಮರುಜೀವ ಕೊಟ್ಟರು. ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರ್ ಪಡೆ ಹುಟ್ಟಿದ್ದು ಹಾಗೆ.

ಲೇಸರ್ ಕಿಟ್ ಹುಟ್ಟಿದ್ದು 1960ರ ದಶಕದಲ್ಲಿ, ಅಮೆರಿಕದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಂಜಿನಿಯರ್ ವೆಲ್ಡನ್ ವರ್ಡ್ ಅವರ ತಂಡದ ಕೈಯಲ್ಲಿ. ವಿಯೆಟ್ನಾಮಿನ ಥಾನ್ ಹೋವಾ ಸೇತುವೆಯನ್ನು 1965ರಿಂದ ನೂರಾರು ಬಾರಿ ಹೊಡೆದರೂ, ಎಷ್ಟೋ ವಿಮಾನ ಕಳೆದುಕೊಂಡರೂ ಉರುಳಿಸಲು ಆಗಿರಲಿಲ್ಲ. 1972ರ ಮೇ 13ರಂದು ಲೇಸರ್ ಬಾಂಬುಗಳು ಅದನ್ನು ಕೆಡವಿದವು. 1991ರ ಕೊಲ್ಲಿ ಯುದ್ಧದಲ್ಲಿ ಮೋಡ, ಹೊಗೆ, ಧೂಳು ಲೇಸರಿಗೆ ಅಡ್ಡ ಬಂದುದರಿಂದ, ಆಮೇಲೆ ಅಮೆರಿಕದವರು ಜಿಪಿಎಸ್ ನೋಡಿ ಇಳಿಯುವ ಬಾಲದ ಕಿಟ್ ಮಾಡಿದರು. ಜೆಡ್ಯಾಮ್ ಎಂದು ಅದರ ಹೆಸರು. ಅದು ಮೊದಲು ಯುದ್ಧಕ್ಕೆ ಬಂದದ್ದು 1999ರ ಮಾರ್ಚ್‌ನಲ್ಲಿ, ಯುಗೊಸ್ಲಾವಿಯಾದ ಮೇಲೆ. ಅದೇ ವರ್ಷ ಮೇ 7ರ ರಾತ್ರಿ, ಕಾರ್ಗಿಲ್‌ನಲ್ಲಿ ನುಸುಳುಕೋರರ ಸುಳಿವು ಸಿಗುತ್ತಿದ್ದ ವಾರದಲ್ಲೇ, ಬೆಲ್‌ಗ್ರೇಡಿನ ಚೀನಾ ರಾಯಭಾರ ಕಚೇರಿಯ ಮೇಲೆ ಐದು ಜೆಡ್ಯಾಮ್ ಬಿದ್ದು ಮೂವರು ಸತ್ತರು. ಬಾಂಬುಗಳು ಕೊಟ್ಟ ಜಾಗಕ್ಕೇ ಹೋಗಿದ್ದವು. ಜಾಗವನ್ನು ಗುರುತಿಸಿ ಕೊಟ್ಟವರದ್ದೇ ತಪ್ಪು ಎಂದು ಅಮೆರಿಕ ಒಪ್ಪಿಕೊಂಡಿತು. ನಿಖರ ಬಾಂಬು ಎಂಬ ಮಾತು ಕೇಳಿದಾಗಲೆಲ್ಲ ಆ ಮೂವರು ನೆನಪಾಗಬೇಕು. ಬಾಂಬಿನ ನಿಖರತೆ ಬೇರೆ, ಅದನ್ನು ಕಳಿಸುವವರ ತಿಳಿವಳಿಕೆ ಬೇರೆ.

1998ರ ನಿರ್ಬಂಧ ಬೆಂಗಳೂರಿಗೆ ಇನ್ನೊಂದು ಕಡೆಯಿಂದಲೂ ತಟ್ಟಿತ್ತು. ಸಿ. ವಿ. ರಾಮನ್ ನಗರದ ಎಡಿಇ, ಅಂದರೆ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್, 1959ರಲ್ಲಿ ಶುರುವಾದ ಡಿಆರ್‌ಡಿಒ ಪ್ರಯೋಗಾಲಯ. ಮುಂದೆ ತೇಜಸ್ ಎನಿಸಿಕೊಂಡ ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣ ಕಂಪ್ಯೂಟರ್ ಅದರ ಹೊಣೆ. ಆ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿದ್ದ ನಮ್ಮ ಎಂಜಿನಿಯರುಗಳನ್ನು ಅಣುಪರೀಕ್ಷೆಯಾದ ಮೇಲೆ ವಾಪಸು ಕಳಿಸಿದರು. ಸಾಮಗ್ರಿ ಅಲ್ಲೇ ಉಳಿಯಿತು. ಬರಿಗೈಯಲ್ಲಿ ಬಂದವರು ಇಲ್ಲಿ ಕೂತು ಕೆಲಸ ಮುಗಿಸಿದರು, 2001ರ ಜನವರಿ 4ರಂದು ವಿಮಾನ ಎಚ್‌ಎಎಲ್ ರನ್‌ವೇಯಿಂದ ಮೇಲೆದ್ದಿತು. ಹಾರುವ ವಸ್ತುವನ್ನು ಗಣಕದಿಂದ ತಿರುಗಿಸುವ ವಿದ್ಯೆ ಹೀಗೆ ಕಷ್ಟದಲ್ಲಿ ಕೈಗೆ ಬಂತು.

ಹಾಗಾಗಿ ಸ್ವಂತ ಲೇಸರ್ ಕಿಟ್ ಬೇಕೆಂದಾಗ ಆ ಕೆಲಸ 2006ರಲ್ಲಿ ಎಡಿಇಗೆ ಬಂದದ್ದು ಸಹಜವೇ. ಅದಕ್ಕೆ ಇಟ್ಟ ಹೆಸರು ಸುದರ್ಶನ. ವಾಯುಪಡೆಯ ಉಗ್ರಾಣಗಳಲ್ಲಿದ್ದ 450 ಕಿಲೋ ಬಾಂಬುಗಳನ್ನು ಎಸೆಯದೆ ಅವಕ್ಕೇ ಕಣ್ಣು ಕೊಡುವುದು ಗುರಿ. ಮೂತಿಯಲ್ಲಿ ಲೇಸರ್ ಕಣ್ಣು, ಹಿಂದೆ ಗಣಕ, ರೆಕ್ಕೆ ತಿರುಗಿಸುವ ಯಂತ್ರ. ಶಕ್ತಿಗೆ ಉಷ್ಣ ಬ್ಯಾಟರಿ: ವರ್ಷಗಟ್ಟಲೆ ಜಡವಾಗಿ ಬಿದ್ದಿದ್ದರೂ ಕೆಡುವುದಿಲ್ಲ, ಬೇಕಾದ ಕ್ಷಣದಲ್ಲಿ ಒಳಗಿನ ಘನ ಲವಣ ಕಾದು ಕರಗಿದೊಡನೆ ವಿದ್ಯುತ್ ಹರಿಯುತ್ತದೆ, ಬಾಂಬು ನೆಲ ಮುಟ್ಟುವಷ್ಟು ಹೊತ್ತು ಬಂದರೆ ಸಾಕು. 2010ರಲ್ಲಿ ಒಡಿಶಾದ ಚಾಂದೀಪುರದಲ್ಲಿ ವಾಯುಪಡೆಯ ವಿಮಾನಗಳಿಂದ ಹಾಕಿ ಪರೀಕ್ಷೆ ಮಾಡಿದರು. ತಯಾರಿಕೆಯ ಹೊಣೆ ಬಿಇಎಲ್‌ಗೆ, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್‌ಗೆ ಹೋಯಿತು. 2013ರ ಫೆಬ್ರವರಿಯಲ್ಲಿ ಪೋಖ್ರಾನ್ ಮರಳಿನಲ್ಲಿ ನಡೆದ ವಾಯುಪಡೆಯ ಪ್ರದರ್ಶನದಲ್ಲಿ ತೇಜಸ್ ಕೂಡ ಲೇಸರ್ ಬಾಂಬು ಹಾಕಿ ತೋರಿಸಿತು.

ಸುದರ್ಶನದ ನಿಖರತೆ ಹತ್ತು ಮೀಟರಿನೊಳಗೆ ಎನ್ನುತ್ತಾರೆ. ಓದುಗರು ಈ ಅಂಕಿಯನ್ನು ಸರಿಯಾಗಿ ತಿಳಿಯಬೇಕು. ಗುರಿಯ ಸುತ್ತ ಹತ್ತು ಮೀಟರ್ ತ್ರಿಜ್ಯದ ವೃತ್ತ ಎಳೆದರೆ, ಹಾಕಿದ ಬಾಂಬುಗಳಲ್ಲಿ ಅರ್ಧದಷ್ಟು ಅದರೊಳಗೆ ಬೀಳುತ್ತವೆ. ಉಳಿದರ್ಧ ಹೊರಗೆ. ಪತ್ರಿಕೆಗಳು ಸಾಮಾನ್ಯವಾಗಿ ಮೊದಲರ್ಧವನ್ನು ಮಾತ್ರ ಬರೆಯುತ್ತವೆ.

ಆಮೇಲಿನ ದಿನಗಳಲ್ಲಿ ಕಿಟ್‌ಗಳು ಬಗೆಬಗೆಯಾಗಿ ಬಂದವು. 2019ರ ಫೆಬ್ರವರಿ 26ರಂದು ಬಾಲಾಕೋಟ್‌ಗೆ ಹೋದ ಮಿರಾಜ್‌ಗಳಲ್ಲಿ ಇದ್ದದ್ದು ಇಸ್ರೇಲಿನ ಸ್ಪೈಸ್ ಕಿಟ್. ಅದು ನೆಲದ ಚಿತ್ರವನ್ನು ತನ್ನ ನೆನಪಿನ ಚಿತ್ರದೊಂದಿಗೆ ಹೋಲಿಸಿ ದಾರಿ ಹಿಡಿಯುತ್ತದೆ. 2021ರ ಜನವರಿಯಲ್ಲಿ ಎಚ್‌ಎಎಲ್‌ನ ಹಾಕ್-ಐ ವಿಮಾನ ಒಡಿಶಾ ಕರಾವಳಿಯಾಚೆ ಹಾಕಿದ ಪುಟ್ಟ ಆಯುಧ 125 ಕಿಲೋ ತೂಕದ್ದು, ನೂರು ಕಿಲೋಮೀಟರ್ ತೇಲಿ ಹೋಗಿ ಶತ್ರುವಿನ ರನ್‌ವೇ ಕೆಡಿಸಲು ಹೈದರಾಬಾದಿನ ಪ್ರಯೋಗಾಲಯ ಮಾಡಿದ್ದು. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ, ಫ್ರಾನ್ಸಿನ ಹ್ಯಾಮರ್ ಕಿಟ್ ಇಲ್ಲೇ ತಯಾರಿಸುವ ಒಪ್ಪಂದಕ್ಕೆ ಬಿಇಎಲ್ ಸಹಿ ಹಾಕಿತು.

ಇವುಗಳಲ್ಲಿ ಹೆಚ್ಚಿನವು ಆಕಾಶದ ಉಪಗ್ರಹ ನೋಡಿ ತಾನೆಲ್ಲಿದ್ದೇನೆಂದು ತಿಳಿಯುವಂಥವು. ಉಪಗ್ರಹ ಯಾರದು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ, ಕಥೆ ಬೆಂಗಳೂರು ಬಿಟ್ಟು ಹಾಸನಕ್ಕೆ ಬರುತ್ತದೆ.

    1982ರಲ್ಲಿ ಹಾಸನದ ಸಾಲಗಾಮೆ ರಸ್ತೆಯ ಬಳಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಎದ್ದು ನಿಂತಿತು. ಊರವರ ಬಾಯಲ್ಲಿ ಅದು ಎಂಸಿಎಫ್. ದೇಶದ ಸಂಪರ್ಕ ಉಪಗ್ರಹಗಳಿಗೆ ಇಲ್ಲಿಂದ ಆಜ್ಞೆ. ಆರಂಭ ಕಹಿಯಾಗಿತ್ತು: ಆ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್‌ಸ್ಯಾಟ್-1ಎ ಸೆಪ್ಟೆಂಬರ್ ಹೊತ್ತಿಗೆ ಇಂಧನ ಬರಿದಾಗಿ ಕೈಬಿಟ್ಟಿತು. ಮರುವರ್ಷದ 1ಬಿ ಉಳಿಯಿತು, ಹಳ್ಳಿಹಳ್ಳಿಗೆ ಟಿವಿ ತಂದಿತು.

ನಮ್ಮದೇ ದಾರಿದರ್ಶಕ ಉಪಗ್ರಹ ಬೇಕೆಂದು ಸರ್ಕಾರ 2006ರಲ್ಲಿ ಒಪ್ಪಿಗೆ ಕೊಟ್ಟಿತು, ಸುದರ್ಶನದ ಕೆಲಸ ಶುರುವಾದ ವರ್ಷವೇ. ಮೊದಲನೆಯದು 2013ರ ಜುಲೈ 1ರಂದು, ಏಳನೆಯದು 2016ರ ಏಪ್ರಿಲ್ 28ರಂದು ಹಾರಿತು. ಆ ದಿನ ಇಡೀ ವ್ಯವಸ್ಥೆಗೆ ನಾವಿಕ್ ಎಂದು ಹೆಸರಾಯಿತು. ಸಂಕೇತಗಳ ಲೆಕ್ಕ ಬೆಂಗಳೂರಿನಾಚೆಯ ಬ್ಯಾಲಾಳುವಿನಲ್ಲಿ. ಉಪಗ್ರಹಗಳನ್ನು ಕಕ್ಷೆಗೆ ಏರಿಸಿ, ಅಲ್ಲಿ ಅಲುಗದಂತೆ ನಿಲ್ಲಿಸುವ ಕೆಲಸ ಹಾಸನ ಮತ್ತು ಭೋಪಾಲದಲ್ಲಿ. ನಾವಿಕ್ ಎರಡು ಸೇವೆ ಕೊಡುತ್ತದೆ: ಎಲ್ಲರಿಗೂ ತೆರೆದದ್ದು ಒಂದು, ಗೂಢಲಿಪಿಯಲ್ಲಿ ಆಯ್ದವರಿಗೆ ಮಾತ್ರ ಇನ್ನೊಂದು. ಬೇರೆ ದೇಶ ಬೇಕೆಂದಾಗ ತಪ್ಪು ಬೆರೆಸಲಾಗದ ಸಂಕೇತ ಎಂಬುದು ಅದರ ನಿಜವಾದ ಬೆಲೆ.

ಆದರೆ ಉಪಗ್ರಹದ ಪ್ರಾಣ ಅದರೊಳಗಿನ ಪರಮಾಣು ಗಡಿಯಾರ. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ಮೂವತ್ತು ಸೆಂಟಿಮೀಟರ್ ಓಡುತ್ತದೆ. ಗಡಿಯಾರ ಅಷ್ಟು ಜಾರಿದರೆ ಗುರಿಯೂ ಅಷ್ಟು ಜಾರುತ್ತದೆ. ಹೊರದೇಶದಿಂದ ತಂದ ರುಬಿಡಿಯಂ ಗಡಿಯಾರಗಳು ಮೊದಲ ಉಪಗ್ರಹದಲ್ಲಿ ಮೂರಕ್ಕೆ ಮೂರೂ ಕೆಟ್ಟವು. ಅದರ ಬದಲಿಗೆಂದು 2017ರ ಆಗಸ್ಟ್‌ನಲ್ಲಿ ಕಳಿಸಿದ ಉಪಗ್ರಹ ರಾಕೆಟ್ಟಿನ ಮೇಲ್ಕವಚ ಕಳಚದೆ ಒಳಗೇ ಸಿಕ್ಕಿಬಿತ್ತು. ಸ್ವದೇಶಿ ಗಡಿಯಾರ ಹೊತ್ತ ಮುಂದಿನ ಸಾಲಿನ ಉಪಗ್ರಹ ಎನ್‌ವಿಎಸ್-01 2023ರ ಮೇ 29ರಂದು ಹಾರಿ ನೆಲೆ ಸೇರಿತು. 2025ರ ಜನವರಿ 29ರಂದು ಶ್ರೀಹರಿಕೋಟಾದ ನೂರನೇ ಉಡಾವಣೆಯಲ್ಲಿ ಎನ್‌ವಿಎಸ್-02 ಹೋಯಿತು. ರಾಕೆಟ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಕಕ್ಷೆ ಏರಿಸುವ ಹೊತ್ತಿಗೆ ಉಪಗ್ರಹದ ಎಂಜಿನ್‌ಗೆ ಆಕ್ಸಿಡೈಜರ್ ಬಿಡುವ ಕವಾಟ ತೆರೆಯಲೇ ಇಲ್ಲ. ಆಜ್ಞೆ ಕಳಿಸಿ ಕಾದವರಿಗೆ ಬೇರೆ ಉಪಾಯವಿರಲಿಲ್ಲ.

2025ರ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ಉತ್ತರ ಕೊಟ್ಟಾಗ, ಅದುವರೆಗೆ ಹಾರಿಸಿದ ಹನ್ನೊಂದರಲ್ಲಿ ಸ್ಥಾನ ತೋರಿಸುವ ಕೆಲಸ ಮಾಡುತ್ತಿದ್ದವು ನಾಲ್ಕು ಉಪಗ್ರಹಗಳು. ನೆಲದ ಮೇಲಾಗಲಿ ಬಾಂಬಿನ ಬಾಲದಲ್ಲಾಗಲಿ, ತಾನೆಲ್ಲಿದ್ದೇನೆಂದು ಪೂರ್ತಿ ಲೆಕ್ಕ ಹಾಕಲು ಒಂದು ಸಾಧನಕ್ಕೆ ಕನಿಷ್ಠ ಬೇಕಾಗುವುದೂ ನಾಲ್ಕೇ. ಕಿಟ್‌ಗಳ ಕಾರ್ಖಾನೆಗೆ ಕೊಡುವ ಗಮನವನ್ನು ಈ ಗಡಿಯಾರಗಳಿಗೆ, ಈ ಕವಾಟಗಳಿಗೆ ಮೊದಲು ಕೊಡಬೇಕು. ಆ ಜುಲೈ ಹೊತ್ತಿಗೆ ಎನ್‌ವಿಎಸ್ ಸಾಲಿನಲ್ಲಿ ಇನ್ನೂ ಮೂರು ಉಪಗ್ರಹ ಹಾರಬೇಕಿತ್ತು.